ಚೆಂಡೆಗೂ ಏಳದ ಮಗು

ಕೊಚ್ಚಿ ಕನ್ನಡ ಸಂಘದ ಅಧ್ಯಕ್ಷರಾದ ಕಾಶೀನಾಥ ಅವರೇ, ತಿರುವನಂತಪುರದಿಂದ ಬೆಳಗಿನ ರೈಲು ಹಿಡಿದು ಬಂದ ಮುಖ್ಯ ಅತಿಥಿಗಳೇ, ಕಲೂರಿನ ಈ ಸಭಾಂಗಣದಲ್ಲಿ ಫ್ಯಾನಿನ ಕೆಳಗೂ ಫ್ಯಾನಿಲ್ಲದ ಕಡೆಯೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನೀವು ನನಗೆ ‘ಆದರ್ಶ ತಾಯಿ’ ಎಂದು ಶಾಲು ಹೊದಿಸಿದ್ದೀರಿ. ಕಾರಣ, ನನ್ನ ಏಳು ವರ್ಷದ ಮಗಳು ಪ್ರತೀಕ್ಷಾಗೆ ಕಿವಿ ಕೇಳುವುದಿಲ್ಲ. ಅಂಥ ಮಗುವನ್ನು ಸಾಕುವುದು ಆದರ್ಶವಾದರೆ, ಅವಳಿಗೆ ಕೇಳುವುದಿಲ್ಲ ಎಂದು ಎರಡು ವರ್ಷ ಗಮನಿಸದೇ ಇದ್ದದ್ದು ಏನು? ಸನ್ಮಾನಪತ್ರದಲ್ಲಿ ಅದಕ್ಕೊಂದು ಸಾಲಿಲ್ಲ. ಆದರೂ ಒಪ್ಪಿಕೊಂಡು ಬಂದೆ. ನನಗೆ ಬೇಕಿದ್ದದ್ದು ಶಾಲಲ್ಲ, ಮೈಕು. ಮೂರನೇ ಸಾಲಿನಲ್ಲಿ ನನ್ನ ತಮ್ಮ ವಿನಯ್, ಅವನ ಹೆಂಡತಿ ನಿರ್ಮಲ ಕುಳಿತಿದ್ದಾರೆ. ಅವರ ಹತ್ತು ತಿಂಗಳ ಮಗು ಸಮರ್ಥ್‌ಗೆ ಒಂದು ರಕ್ತಪರೀಕ್ಷೆ ಆಗಬೇಕು. ಅವರು ಒಪ್ಪುತ್ತಿಲ್ಲ.

ಮೊದಲು ನನ್ನ ಆದರ್ಶದ ಕಥೆ ಕೇಳಿ.

ಕೊಚ್ಚಿಯ ಕನ್ನಡಿಗರಾದ ನಮಗೆಲ್ಲ ಇರುವುದು ಒಂದೇ ಕೊರಗು. ಮಕ್ಕಳು ಕನ್ನಡಕ್ಕೆ ಉತ್ತರ ಕೊಡುವುದಿಲ್ಲ. ಎರಡು ವರ್ಷದ ಪ್ರತೀಕ್ಷಾ ಕೂಡ ಕೊಡುತ್ತಿರಲಿಲ್ಲ. ಮಟ್ಟಾಂಚೇರಿಯ ಡೇಕೇರಿನಲ್ಲಿ ಮಲಯಾಳ ಹತ್ತಿಬಿಟ್ಟಿದೆ ಎಂದು ನಾವು ಭಾವಿಸಿದೆವು. ಮನೆಯಲ್ಲಿ ಬರೀ ಕನ್ನಡ ಆಡುತ್ತಾರೆ, ಅದಕ್ಕೇ ಮಲಯಾಳಕ್ಕೆ ತಿರುಗುವುದಿಲ್ಲ ಎಂದು ಡೇಕೇರಿನವರು ಭಾವಿಸಿದರು. ಪ್ಲೇಸ್ಕೂಲಿನ ಮೇಡಂ, “ಎರಡು ಭಾಷೆಯಿಂದ ಮಗು ಕನ್‌ಫ್ಯೂಸ್ ಆಗಿದೆ, ಇಂಗ್ಲಿಷ್ ಮಾತ್ರ ಆಡಿ” ಎಂದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ಸಲಹೆ ಎಷ್ಟು ಹಿಡಿಸಿತೆಂದರೆ, ಅಂದೇ ಸಂಜೆಯಿಂದ ಶುರು ಮಾಡಿದೆ. ಮೂರು ಭಾಷೆಗಳು ಒಂದರ ಮೇಲೊಂದು ದೂರು ಹೇಳುತ್ತ ಕುಳಿತವು. ಮಗುವಿನ ಕಿವಿಯನ್ನು ಯಾರೂ ಕೇಳಲಿಲ್ಲ.

ನಮ್ಮ ಅಧ್ಯಕ್ಷರೂ ಸುಮ್ಮನಿರಲಿಲ್ಲ. “ಮನೇಲಿ ಕನ್ನಡ ಸಾಲದು ಕಣಮ್ಮಾ, ನಮ್ಮ ಭಾನುವಾರದ ಕ್ಲಾಸಿಗೆ ಕಳಿಸು” ಎಂದರು. ಕಳಿಸಿದೆ. ಪ್ರತೀಕ್ಷಾ ಒಂದು ಮಾತೂ ಆಡದೆ, ಒಮ್ಮೆಯೂ ಹಿಂದೆ ತಿರುಗದೆ ವರ್ಷವಿಡೀ ಕುಳಿತಳು. ವಾರ್ಷಿಕೋತ್ಸವದಲ್ಲಿ ಅವಳಿಗೆ ‘ಶಿಸ್ತಿನ ಕಂದ’ ಬಹುಮಾನ ಕೊಟ್ಟಿರಿ. ನಾನು ಇದೇ ಸಭಾಂಗಣದಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ.

ಆಗಲೇ ಅವಳ ತಲೆಗೂದಲು ಉದುರುತ್ತಿತ್ತು, ಬಾಯಿಯ ಸುತ್ತ ಕೆಂಪು ಗುಳ್ಳೆ ಏಳುತ್ತಿತ್ತು. ಕೊಚ್ಚಿಯ ನೀರು ಎಂದೆವು. ಹೊರಗಿನಿಂದ ಬಂದವರಿಗೆ ನೀರಿನ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ ನೋಡಿ!

ಕೊನೆಗೆ ಹೇಳಿದ್ದು ಡೇಕೇರಿನ ಆಯಾ ಜುಬೈದಾ. ಕಾಸರಗೋಡಿನ ಕಡೆಯವಳಾದ್ದರಿಂದ ಅವಳಿಗೆ ಕನ್ನಡ ಬರುತ್ತದೆ. “ಚೇಚ್ಚೀ, ಮಗು ಕನ್ನಡಕ್ಕೆ ತಿರುಗುದಿಲ್ಲ ಅಂತ ನಿಮಗೆ ಬೇಜಾರು. ಅದು ಕುಕ್ಕರಿನ ಸೀಟಿಗೂ ತಿರುಗುದಿಲ್ಲ. ಕುಕ್ಕರಿಗೆ ಯಾವ ಭಾಷೆ ಉಂಟು?”

ತಿರುವನಂತಪುರದ ವೈದ್ಯೆ ರಕ್ತಪರೀಕ್ಷೆ ಮಾಡಿಸಿದರು. ಬಯೋಟಿನ್ ಎಂಬ ವಿಟಮಿನ್ನನ್ನು ಉಳಿಸಿಕೊಳ್ಳಲು ಇವಳ ದೇಹಕ್ಕೆ ಹುಟ್ಟಿನಿಂದಲೇ ಬರುವುದಿಲ್ಲವಂತೆ. ಔಷಧಿ ಏನು ಗೊತ್ತೇ? ಅದೇ ವಿಟಮಿನ್, ದಿನಾ, ಜೀವನಪೂರ್ತಿ. ಕೆಲವೇ ತಿಂಗಳಲ್ಲಿ ಕೂದಲು ಮರಳಿತು, ಗುಳ್ಳೆ ಹೋಯಿತು. ಕಿವಿ ಮರಳಲಿಲ್ಲ. “ಹಸುಗೂಸಾಗಿದ್ದಾಗಲೇ ಶುರು ಮಾಡಿದ್ದರೆ ಕಿವಿ ಉಳಿಯುತ್ತಿತ್ತು” ಎಂದರು ವೈದ್ಯೆ. ಮತ್ತೆ ಕೇಳಿದರು: “ಇದು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಆಗುವಂಥದ್ದು. ನಿಮ್ಮ ಒಡಹುಟ್ಟಿದವರಿಗೆ ಮಕ್ಕಳಿದ್ದಾರಾ?” ಆಗ ಇರಲಿಲ್ಲ.

ನಮ್ಮ ಎರಡು ಮನೆಯವರು ಸಂಬಂಧ ಗಟ್ಟಿಯಾಗಲಿ ಎಂದು ಕೊಟ್ಟು ತಂದುಕೊಂಡವರು. ನನ್ನನ್ನು ಹೃಷಿಕೇಶ್‌ಗೆ ಕೊಟ್ಟರು, ಅವರ ತಂಗಿ ನಿರ್ಮಲಳನ್ನು ನನ್ನ ತಮ್ಮನಿಗೆ ತಂದರು. ಒಂದೇ ಛತ್ರ, ಒಂದೇ ಊಟ, ಎರಡು ಮದುವೆ. ಪ್ರತೀಕ್ಷಾಗೆ ಬಂದದ್ದು ಯಾವ ಎರಡು ಮನೆಯಿಂದಲೋ, ಸಮರ್ಥ್ ಹುಟ್ಟಿದ್ದೂ ಅವೇ ಎರಡು ಮನೆಗೆ. ಸಂಬಂಧ ಗಟ್ಟಿಯಾಗಿಯೇ ಇದೆ.

ನಿರ್ಮಲ, ಮನೆಗೆ ಬಂದು ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ನೀನು ಕಾಫಿ ತರಲು ಎದ್ದೆ. “ಹುಟ್ಟಿದಾಗಲೇ ಕಿವಿ ಟೆಸ್ಟ್ ಪಾಸಾಗಿದ್ದಾನೆ ಅತ್ತಿಗೆ, ನಿಮ್ಮ ಕಷ್ಟಾನ ನನ್ನ ಮಗೂಗೆ ಯಾಕೆ ಅಂಟಿಸ್ತೀರಾ?” ಎಂದೆ. ಪ್ರತೀಕ್ಷಾಳೂ ಪಾಸಾಗಿದ್ದಳು ಕಣೇ. ಇದು ಆಮೇಲೆ ಕಸಿದುಕೊಳ್ಳುತ್ತದೆ.

ಸಭಿಕರೇ, ಇವತ್ತು ಅತಿಥಿಗಳನ್ನು ಸ್ವಾಗತಿಸಲು ಬಾಗಿಲಲ್ಲಿ ಚೆಂಡೆ ಬಾರಿಸಿದಾಗ ಅಮ್ಮನ ತೋಳಲ್ಲಿದ್ದ ಸಮರ್ಥ್ ನಿದ್ದೆಯಿಂದ ಏಳಲಿಲ್ಲ. “ಎಂಥ ಸಾಧು ಮಗು!” ಎಂದು ಐದಾರು ಜನ ಕೆನ್ನೆ ಸವರಿದಿರಿ. ಗಾಢ ನಿದ್ದೆಯೇ ಇರಬಹುದು. ಹಾಗೇ ಇರಲಿ ಎಂದು ನನ್ನಷ್ಟು ಬಯಸುವವರು ಇಲ್ಲಿ ಯಾರೂ ಇಲ್ಲ. ಆದರೆ ಸಾಧು ಮಗು ಎಂಬ ಮಾತು ನನಗೆ ಈಗ ಭಯ ಹುಟ್ಟಿಸುತ್ತದೆ.

ಮನೆಯ ವಿಷಯವನ್ನು ಮೈಕಿನಲ್ಲಿ ಆಡುವುದು ಸಭ್ಯತೆಯೇ? ಅಲ್ಲ. ರೈಲ್ವೆ ಗೇಟಿನಲ್ಲಿ, ಲಿಫ್ಟಿನಲ್ಲಿ, ಈ ಶಾಲಿನ ಒಳಗೂ ಅದನ್ನೇ ಯೋಚಿಸಿದ್ದೇನೆ. ಎರಡು ವರ್ಷ ಸಭ್ಯಳಾಗಿದ್ದೆ, ಯಾರ ಮನಸ್ಸನ್ನೂ ನೋಯಿಸಲಿಲ್ಲ. ಬೆಲೆ ನನ್ನ ಮಗಳು ಕೊಟ್ಟಳು.

ಅಧ್ಯಕ್ಷರೇ, ಗಂಟೆ ಒತ್ತಬೇಡಿ, ಮುಗಿಸುತ್ತೇನೆ. ನಿರ್ಮಲ ಎದ್ದು ನಿಂತಿದ್ದಾಳೆ. ಬಾಗಿಲ ಕಡೆ ಹೊರಟಿದ್ದಾಳೆ. ವಿನಯ್, ಅವಳ ಹಿಂದೆ ಹೋಗು. ನನ್ನ ಪರವಾಗಿ ಸಮಾಧಾನ ಮಾಡಬೇಡ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲೇ ಬಸ್ ನಿಲ್ದಾಣದ ಎದುರಿನ ಲ್ಯಾಬಿನಲ್ಲಿ ಮಗುವಿನ ಹೆಸರು ಬರೆಸಿದ್ದೇನೆ, ಅಷ್ಟು ಹೇಳು. ಅವಳು ನನ್ನ ಜೊತೆ ಜೀವನಪೂರ್ತಿ ಮಾತು ಬಿಡಲಿ. ಆದರೆ ನಾಳೆ ಒಂಬತ್ತು ಗಂಟೆ ಕಳೆದ ಮೇಲೆ ಬಿಡಲಿ.

ಈ ಅವಕಾಶ ಕೊಟ್ಟ ಸಂಘಕ್ಕೆ, ಸಿಟ್ಟು ಬಂದರೂ ಕುಳಿತೇ ಇದ್ದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.