ಎಂಟು ಕ್ಯಾಮೆರಾ ಒಟ್ಟಿಗೆ ಕಣ್ಣು ಮುಚ್ಚಿದ ಬಗ್ಗೆ

ಹೇಳಿಕೆ ಕೊಡುತ್ತಿರುವವಳು: ಕೆಲಸದ ಕಡೆ ಎಲ್ಲರೂ ವೈರಕ್ಕ ಎಂದು ಕರೆಯುವ ನಾನು. ವಯಸ್ಸು 38. ಕೆಲಸ: ಕ್ಯಾಮೆರಾ ಜೋಡಿಸುವುದು. ವಾಸ: ಬಸ್ ಡಿಪೋ ಹಿಂದಿನ ಬೀದಿ, ಮಹಡಿ ಮನೆ.

ನಾನು ಖುದ್ದಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಇಲ್ಲಿ ಬೆಂಚಿನ ಮೇಲೆ ಬೆಳಗ್ಗೆಯಿಂದ ಕೂರಿಸಿರುವ ವಾಚ್‌ಮನ್ ನನ್ನ ಮಾವ, ಅಂದರೆ ಗಂಡನ ತಂದೆ. ಅವರು ಕಾಯುವ ವಸತಿ ಕಟ್ಟಡದಿಂದ ನಿನ್ನೆ ಸಂಜೆ ನಾಲ್ಕರ ಸುಮಾರಿಗೆ ಒಂದು ಸ್ಕೂಟರ್ ಕಳವಾಗಿದೆ. ಆಗ ಎಂಟು ಕ್ಯಾಮೆರಾಗಳೂ ಒಟ್ಟಿಗೆ ಆಫ್ ಆಗಿದ್ದವು. ಕ್ಯಾಮೆರಾ ಹಾಕಿದವಳು ಸೊಸೆ, ಅವನ್ನು ಆಫ್ ಮಾಡುವ ವಿದ್ಯೆ ಮಾವನಿಗೆ ಮನೆಯಲ್ಲೇ ಸಿಕ್ಕಿದೆ ಎಂದು ಕಟ್ಟಡದ ಕಾರ್ಯದರ್ಶಿ ದೂರು ಕೊಟ್ಟಿದ್ದಾರೆ.

ಆ ಕ್ಯಾಮೆರಾಗಳಿಗೆ ಬೇರೆ ಕರೆಂಟ್ ವೈರ್ ಇಲ್ಲ. ಚಿತ್ರ ಬರುವ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟೂ ಹೋಗುತ್ತದೆ. ಎಂಟೂ ಕೇಬಲ್‌ಗಳು ಕಾರ್ಯದರ್ಶಿಯ ಕೋಣೆಯ ಒಂದು ಪೆಟ್ಟಿಗೆಗೆ ಸೇರುತ್ತವೆ. ಆ ಪೆಟ್ಟಿಗೆಯ ಪ್ಲಗ್ ಕಿತ್ತರೆ ಎಂಟೂ ಒಟ್ಟಿಗೆ ಸಾಯುತ್ತವೆ. ಇದನ್ನು ಕ್ಯಾಮೆರಾ ಹಾಕಿದ ದಿನವೇ ಅವರಿಗೆ ಬಾಯಿ ನೋಯುವಷ್ಟು ಹೇಳಿದ್ದೇನೆ. ಇಷ್ಟು ಸಣ್ಣ ವೈರಲ್ಲಿ ಕರೆಂಟ್ ಹೋಗುತ್ತಾ, ನನ್ನ ಕಿವಿ ಮೇಲೆ ಹೂ ಇಡಬೇಡಮ್ಮಾ, ಅವು ಬ್ಯಾಟರಿ ಮೇಲೆ ನಡೆಯೋದು ಎಂದು ನಕ್ಕರು. "ಈ ಪ್ಲಗ್ ಕೀಳಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆ.

ಇಂದು ಬೆಳಗ್ಗೆ ಹೋಗಿ ನೋಡಿದಾಗ ಆ ಕಾಗದ ನಾಲ್ಕು ಮಡಿಕೆಯಾಗಿ ಅವರ ಟೀ ಕೆಟಲ್ ಅಡಿಯಲ್ಲಿತ್ತು. ಕೋಣೆಯಲ್ಲಿ ಇರುವುದು ಒಂದೇ ಸಾಕೆಟ್. ಚಿತ್ರ ಉಳಿಸಿಡುವ ರೆಕಾರ್ಡರ್ ಇರುವುದು ಪಕ್ಕದ ಕೋಣೆಯಲ್ಲಿ, ಅದು ಆಫ್ ಆಗಿಲ್ಲ. ಅದರಲ್ಲಿ ದಿನಾ ಸಂಜೆ ನಾಲ್ಕಕ್ಕೆ, ಟೀ ಕುದಿಯುವಷ್ಟು ಹೊತ್ತು, ಎಂಟೂ ಕಪ್ಪು. ಮಾವ ರಜೆಯಲ್ಲಿರುವ ಮಂಗಳವಾರವೂ ಕಪ್ಪು. ಇದನ್ನು ತೋರಿಸಿದರೆ ಕಾರ್ಯದರ್ಶಿ ಮುಖ ತಿರುಗಿಸಿ ಹೋದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಒಂದು ಪ್ಲಗ್‌ಗೆ ಎಂಟು ಕ್ಯಾಮೆರಾ ಹೋಗುತ್ತವಾ, ನಂಬೋ ಮಾತು ಹೇಳಮ್ಮಾ ಎಂದು ಇದನ್ನು ಬರೆದುಕೊಳ್ಳುತ್ತಿರುವ ಸಾಹೇಬರೂ ಕೇಳಿದರು. ಅಷ್ಟರಲ್ಲಿ ಪೇದೆಯೊಬ್ಬರು ಟೀಗೆ ನೀರು ಕಾಯಿಸಲು ಮೂಲೆಯ ಬೋರ್ಡಿನಿಂದ ಯಾವುದೋ ಪ್ಲಗ್ ಕಿತ್ತು ಕೆಟಲ್ ಹಾಕಿದರು. ಗೋಡೆಯ ಟಿವಿಯಲ್ಲಿ ಕಾಣುತ್ತಿದ್ದ ಠಾಣೆಯ ಬಾಗಿಲು, ಅಂಗಳ, ಲಾಕಪ್ ಎಲ್ಲವೂ ಒಟ್ಟಿಗೆ ಕಪ್ಪಾದವು. ಸಾಹೇಬರು ಪೆನ್ನು ಕೆಳಗಿಟ್ಟರು.

ಆಗ ಮಾವ ಎರಡೂ ಕೈ ಮೇಲೆತ್ತಿ, "ಸ್ವಾಮಿ, ನಾನಲ್ಲ. ಕೂತಲ್ಲೇ ಕೂತಿದೀನಿ, ಎದ್ದೇ ಇಲ್ಲ" ಎಂದರು.

ಈ ಮಾತನ್ನೂ ಸೇರಿಸಬೇಕೆಂದು ಕೇಳಿಕೊಂಡೆ, ಸೇರಿಸಿದ್ದಾರೆ. ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಕೊಟ್ಟ ಟೀ ಕುಡಿದಿಲ್ಲ.

ಸ್ಥಳ: ಠಾಣೆ
ದಿನಾಂಕ: ಕಳವಾದ ಮರುದಿನ, ಸಂಜೆ 4.20
ಸಹಿ: ವೈರಕ್ಕ