ತಲೆಕೆಳಗಾದ ಹೊಲ

ಹೊಳಲ್ಕೆರೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸುಪ್ರಿಯಾ ಕುಳಿತಿದ್ದಳು. ಗಂಡ ತೀರಿಹೋದ ಮೇಲೆ ಯಾರ ಮಾತೂ ಅವಳಿಗೆ ದೂರದಿಂದ ಬಂದಂತೆ ಕೇಳಿಸುತ್ತಿತ್ತು. ಪಕ್ಕದಲ್ಲಿ ತಾಳ್ಯದ ಬಸ್ಸಿಗೆ ಕಾಯುತ್ತಿದ್ದ ಹೆಂಗಸು, ಎದುರು ನಿಂತ ಟ್ರ್ಯಾಕ್ಟರಿನವನನ್ನು ವಿಚಾರಿಸಿಕೊಳ್ಳುತ್ತಿದ್ದಳು.

“ಓಬಳೇಶ, ನನ್ನ ತುಂಡು ಹೊಲಕ್ಕೆ ಏನು ತಂದು ಸುರಿದಿದೀಯಪ್ಪ?”

“ನೀವು ಹೇಳಿದ್ದೇ ಏಕಾಂತಕ್ಕ. ದುರ್ಗದಾಗೆ ಕಾಂಪ್ಲೆಕ್ಸಿಗೆ ಪಾಯ ತೆಗೆದ ಮಣ್ಣು.”

“ಮೇಲೆಲ್ಲ ಬರೀ ಕಲ್ಲುಕಲ್ಲು ಗರಸೇ ಐತಲ್ಲ.”

“ಅದರ ಕೆಳಗೆ ಎರೆಮಣ್ಣು ಐತಕ್ಕ. ಅವರು ಅಗೆದಂಗೆ ತುಂಬ್ಕಂಡು ಬಂದು ಹರವಿದೆ. ಮೊದ್ಲು ಎರೆ ಬಂತು, ಆಮೇಲೆ ಗರಸು ಬಂತು.”

“ಬಂದಂಗೇ ಹರವಿದ್ರೆ ಮೇಲಿಂದು ಕೆಳಕ್ಕೆ ಹೋಗ್ತೈತೆ ಅಂತ ಹೊಳೀಲಿಲ್ವಾ? ಗರಸನ್ನ ದಾರಿಗೆ ಹಾಕು ಅಂದಿದ್ದೆ.”

“ಮಣ್ಣು ಮಣ್ಣೇ ಅಂದ್ಕಂಡೆ.”

“ನಮ್ಮೆಜಮಾನ್ರೂ ಹಂಗೇ ಅಂದ್ಕಂಡು ಮೇಲ್ಮಣ್ಣನ್ನ ಇಟ್ಟಿಗೆ ಭಟ್ಟಿಗೆ ಕೊಟ್ರು. ಆವತ್ತಿಂದ ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟಿಲ್ಲ. ಈ ಮುಂಗಾರಿಗಾದ್ರೂ ಮೆಕ್ಕೆಜೋಳ ಬಿತ್ತಾಣ ಅಂತಿದ್ದೆ.”

“ನಾಳೆ ಜೆಸಿಬಿ ತಂದು ಗರಸು ಎತ್ತಿಸ್ತೀನಿ ಬಿಡಕ್ಕ.”

“ಜೆಸಿಬಿ ಬ್ಯಾಡ. ಅದು ಎರಡನ್ನೂ ಕಲಸಿಬಿಡ್ತೈತೆ. ಸಲಿಕೆ, ಪುಟ್ಟಿ ತಗಂಡು ಬಾ.”

“ಅಷ್ಟನ್ನೂ ಕೈಲಿ ಎತ್ತೋರು ಯಾರು?”

“ನೀನು. ನಾನೂ ಇರ್ತೀನಿ.”

ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ತಾಳ್ಯದ ಬಸ್ಸು ಬಂತು. ಏಕಾಂತಮ್ಮ ಹತ್ತಿ ಕಿಟಕಿಯ ಬಳಿ ಕುಳಿತಳು. ಓಬಳೇಶ ಕೆಳಗಿನಿಂದಲೇ ಕೇಳಿದ:

“ಎಷ್ಟೊತ್ತಿಗೆ ಬರ್ಲಿ ಅಕ್ಕ?”

“ಮಳೆಗಿಂತ ಮುಂಚೆ ಬಾ,” ಎಂದಳು.

ಬಸ್ಸು ಹೊರಟಿತು. ಸುಪ್ರಿಯಾ ನೋಡುತ್ತಿದ್ದಂತೆ ಅವನು ಒಮ್ಮೆ ಆಕಾಶ ನೋಡಿ, ಟ್ರ್ಯಾಕ್ಟರಿನ ಕಡೆ ಬೇಗಬೇಗ ನಡೆದ.