ಮೊದಲು ಸಹಿ ಹಾಕಿದವನು

ಹ್ಯೂಸ್ಟನ್‌ನಲ್ಲಿ ಕೆಲಸ ನಡೆಯುತ್ತಿದ್ದ ನಮ್ಮ ಕಟ್ಟಡದೆದುರು, ಮಾಂಸ ತುಂಬಿದ ರೊಟ್ಟಿಯಂಥ ಟಾಕೋ ಮಾರುವ ಗಾಡಿಯ ಸಾಲಿನಲ್ಲಿ, ನನ್ನ ಹಿಂದೆ ಟೈಲ್ಸ್ ಹಾಕುವ ಡ್ವೇನ್ ಮತ್ತು ಬಣ್ಣ ಬಳಿಯುವ ವರ್ನನ್ ನಿಂತಿದ್ದರು.

“ನಿಂಗೆ ಚೆಕ್ ಬಂತಂತೆ?” ಡ್ವೇನ್ ಕೇಳಿದ.

“ಬಂತಪ್ಪ. ನಿಂಗೆ?”

“ಎಲ್ಲಿ! ನೀನು ಕಂಟ್ರಾಕ್ಟರ್ ಅಳಿಯ ನೋಡು.”

“ದುಡ್ಡು ಕೈಗೆ ಬಂದ ಮೇಲೇ, ಕೂಲಿ ಬಾಕಿಗೆ ಕಟ್ಟಡದ ಮೇಲೆ ನಂಗಿರೋ ಹಕ್ಕು ಬಿಡ್ತೀನಿ ಅಂತ ಬರ್ಕೊಟ್ಟೆ ಕಣೋ. ಎಲ್ಲಿ ಕೋರ್ಟಿಗೆ ಹೋಗ್ತೀನೋ ಅಂತ ಹೆದರಿ ಕೊಟ್ಟ. ನೀನೇನು ಬರ್ಕೊಟ್ಟೆ?”

“ದುಡ್ಡು ಬಂತು, ಹಕ್ಕು ಬಿಟ್ಟೆ ಅಂತ.”

“ಬರೋಕೆ ಮುಂಚೇನೇ? ಅಂಥಾ ಅವಸರ ಏನಿತ್ತೋ?”

“ಕಂಟ್ರಾಕ್ಟರ್ ಆಫೀಸಿನ ಮುಂದೆ ನಿನ್ನ ಟ್ರಕ್ ಕಾಣ್ತು. ನಿನಗಿಂತ ಮುಂಚೆ ನನ್ನ ಸಹಿ ಬೀಳ್ಲಿ ಅಂತ…”

ವರ್ನನ್ ನಗಲಿಲ್ಲ. ಇಬ್ಬರ ಊಟಕ್ಕೂ ತಾನೇ ದುಡ್ಡು ಕೊಟ್ಟು ಹೊರಟ.

“ನಿಂಗೇ ಮಾಂಸ ಜಾಸ್ತಿ ಹಾಕಿದಾನೆ,” ಎನ್ನುತ್ತ ಡ್ವೇನ್ ಅವನ ಹಿಂದೆ ನಡೆದ.